ಬಿಳಿ ಚಿತ್ರಕ್ಕೆ ಪಕ್ಕವಾದ್ಯ

ಐರ್ಲೆಂಡಿನಿಂದ ಬಂದ ಮೇಲೆ ಪುತ್ತೂರಿನಲ್ಲಿ ಎಲ್ಲರೂ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. "ಚಳಿ ಉಂಟಾ?" ಮತ್ತು "ಊಟಕ್ಕೆ ಎಂತ ಮಾಡಿದ್ರಿ?" ಚಳಿ ಉಂಟು, ಜೂನ್ ತಿಂಗಳಲ್ಲೂ ಉಂಟು. ಊಟಕ್ಕೆ ಆಲೂಗಡ್ಡೆ ಉಂಟು, ಅದು ಬೇಡವಾದರೆ ಇನ್ನೊಂದು ಬಗೆಯ ಆಲೂಗಡ್ಡೆ ಉಂಟು. ಅಲ್ಲಿ ಹೋಗಿ ಏನು ಮಾಡಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೂ ಬಸ್ಸಿಗೆ ಕಾಯುತ್ತ ನಿಂತಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲ.

ನಾನು ಪಿಟೀಲು ನುಡಿಸುವವಳು. ಹುಟ್ಟಿದ್ದು ಮರ್ಕಂಜದಲ್ಲಿ, ಮದುವೆಯಾಗಿ ಬಂದದ್ದು ಪುತ್ತೂರಿಗೆ. ಸಂಜೆ ಮನೆಯಲ್ಲಿ ಮಕ್ಕಳಿಗೆ ಪಾಠ, ಮಂಗಳವಾರ ಶುಕ್ರವಾರ ಕಡಬಕ್ಕೆ ಹೋಗಿ ಅಲ್ಲಿ ಪಾಠ, ಉಳಿದ ಹಾಗೆ ಕಛೇರಿಗಳಿಗೆ ಪಕ್ಕವಾದ್ಯ. ಮೂವತ್ತು ವರ್ಷದಿಂದ ಹಾಡುವವರ ಎಡಬದಿಗೆ ಕೂತು, ಅವರು ಹಾಡಿದ್ದನ್ನು ಅವರ ಹಿಂದಿನಿಂದ ನುಡಿಸಿದ್ದೇನೆ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಮ್ಮೆ, ಸುಳ್ಯದ ಕಛೇರಿಯಲ್ಲಿ, ನನ್ನ ಪಾಲಿಗೆ ಬಂದ ಆಲಾಪನೆಯನ್ನು ಸ್ವಲ್ಪ ಹೆಚ್ಚು ಬೆಳೆಸಿದೆ. ಹಾಡುವವರು ತೊಡೆ ತಟ್ಟಿ ತಾಳ ಹಾಕಿ ನನ್ನನ್ನು ಅಲ್ಲಿಗೇ ನಿಲ್ಲಿಸಿದರು. ಕಛೇರಿ ಮುಗಿದ ಮೇಲೆ ನಗುತ್ತಲೇ ಹೇಳಿದರು: "ಮಗಾ, ನಿನಗೆ ಹೇಳ್ಲಿಕ್ಕೆ ತುಂಬ ಉಂಟು ಅಂತ ಕಾಣ್ತದೆ. ಅದನ್ನು ಮನೆಯಲ್ಲಿ ಹೇಳು." ಆಮೇಲೆ ನಾನು ಮನೆಯಲ್ಲೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ ಹೆಲೆನ್ ಎಂಬ ಐರಿಷ್ ಪಿಟೀಲುಗಾರ್ತಿ ನಮ್ಮ ಕಡೆಯ ಸಂಗೀತ ಕೇಳಲು ಬಂದಿದ್ದರು. ಅರವತ್ತರ ಹೆಂಗಸು, ಪುತ್ತೂರಿನ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿದರು, "ಇದರಲ್ಲಿ ನೀವು ರಚಿಸಿದ್ದು ಯಾವುದು?" ಯಾವುದೂ ಇಲ್ಲ ಎಂದೆ. ಈ ವರ್ಷ ನನ್ನನ್ನು ಕರೆದು ಅವರಿಂದ ಕಾಗದ ಬಂತು. ಅವರ ಊರಿನಲ್ಲಿ ಆರು ಮಂದಿ ಮೂರು ವಾರ ಒಟ್ಟಿಗಿದ್ದು, ಒಂದು ಚಿತ್ರವನ್ನೋ ಕವಿತೆಯನ್ನೋ ಒಂದು ಜಾಗವನ್ನೋ ಆಧರಿಸಿ ಹೊಸ ಸಂಗೀತ ಬರೆಯಬೇಕು. ಹೆಲೆನ್ ಮತ್ತು ಅವರ ಮೂವರು ಜೊತೆಗಾರರು ಅದನ್ನು ನುಡಿಸುತ್ತಾರೆ. ಎಂಟು ನಿಮಿಷ. ಪೂರ್ತಿ ನನ್ನದೇ.

ಡಬ್ಲಿನ್‌ನಿಂದ ಪಡುವಣಕ್ಕೆ

ಡಬ್ಲಿನ್ ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದು ನೋಡಿದರೆ ಪಿಟೀಲಿನ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಅಡ್ಡ ಬಿದ್ದಿತ್ತು. ಎತ್ತಿ ಅಲ್ಲಾಡಿಸಿದೆ, ಒಳಗೆ ಕಟಕಟ ಸದ್ದು. ತಂತಿಗಳ ಭಾರ ಹೊರಲು ಪಿಟೀಲಿನ ಹೊಟ್ಟೆಯೊಳಗೆ ಸಣ್ಣದೊಂದು ಮರದ ಗೂಟ ನಿಲ್ಲಿಸಿರುತ್ತಾರೆ. ವಿಮಾನದ ಒಣ ಗಾಳಿಗೆ ಅದೇ ಬಿದ್ದುಹೋಗಿತ್ತು. ಕುದುರೆಯನ್ನು ನಾನೇ ಕೂರಿಸಿಯೇನು, ಗೂಟ ನಿಲ್ಲಿಸಲು ಬೇರೆಯೇ ಸಲಕರಣೆ ಬೇಕು. ನಮ್ಮಲ್ಲಿ ಮಳೆಗಾಲಕ್ಕೆ ತಂತಿ ಬಿಗಿಯುವ ಬಿರಡೆಗಳು ಉಬ್ಬಿ ತಿರುಗದೆ ಸತಾಯಿಸುತ್ತವೆ. ಒಣಗಿ ಕೈಕೊಟ್ಟದ್ದು ಇದೇ ಮೊದಲು.

ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕರೊಬ್ಬರು ನನ್ನ ಮುಖ ನೋಡಿ ವಿಷಯ ಕೇಳಿದರು. ಕೇಳಿದವರು ಸುಮ್ಮನಿರಲಿಲ್ಲ. ಎದ್ದು ಹೋಗಿ ಡ್ರೈವರಿಗೆ ಹೇಳಿದರು. ಹಿಂದಿನ ಸೀಟಿನ ಹೆಂಗಸಿಗೆ ಹೇಳಿದರು. ಆಕೆ ತನ್ನ ಭಾವನಿಗೆ ಫೋನ್ ಮಾಡಿದಳು. ಎರಡು ಗಂಟೆ ಕಳೆದು ಚಹಾಕ್ಕೆಂದು ಬಸ್ಸು ನಿಂತ ಊರಿನಲ್ಲಿ, ಆ ಭಾವ ಎಸ್ ಆಕಾರದ ಕಬ್ಬಿಣದ ಕಡ್ಡಿ ಹಿಡಿದು ಕಾಯುತ್ತ ನಿಂತಿದ್ದ! ನಿಲ್ದಾಣದ ಬೆಂಚಿನ ಮೇಲೆ ಪಿಟೀಲನ್ನು ಮಲಗಿಸಿ, ಅದರ ರಂಧ್ರದೊಳಗೆ ಕಡ್ಡಿ ತೂರಿಸಿ ಗೂಟ ನಿಲ್ಲಿಸಿದ. ಬಸ್ಸಿನವರೆಲ್ಲ ಚಹಾದ ಲೋಟ ಹಿಡಿದು ಸುತ್ತ ನಿಂತಿದ್ದರು. ಹೊರಡುವ ಹೊತ್ತು ಮೀರಿದರೂ ಡ್ರೈವರು ಹಾರ್ನ್ ಹೊಡೆಯಲಿಲ್ಲ. ನಾನು ಶ್ರುತಿ ಮಾಡಿ ಒಂದು ಸ್ವರ ಎಳೆದಾಗ ಯಾರೋ ಚಪ್ಪಾಳೆ ತಟ್ಟಿದರು. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಧನ್ಯವಾದ ಹೇಳಿಯೇ ಇಳಿದರು. ಅದು ನನ್ನ ಪಿಟೀಲಿನ ಲೆಕ್ಕದಲ್ಲಿ ಎಂದುಕೊಂಡಿದ್ದೆ. ಅಲ್ಲ, ಅಲ್ಲಿ ದಿನವೂ ಹಾಗೆಯೇ ಅಂತೆ.

ಚೀಟಿ ಎತ್ತಿದ ದಿನ

ಕಡಲ ಪಕ್ಕದ ಸಣ್ಣ ಊರು. ಮುಚ್ಚಿಹೋದ ಒಂದು ಶಾಲೆಯನ್ನು ಕಲೆಗಾಗಿ ಬಿಟ್ಟುಕೊಟ್ಟಿದ್ದರು. ಮೊದಲ ದಿನವೇ ಹೆಲೆನ್ ಒಂದು ಟೋಪಿಯಲ್ಲಿ ಚೀಟಿ ಹಾಕಿ ತಂದರು. ನನಗೆ ಗುಡ್ಡವೋ ಹೊಳೆಯೋ ಬರಲಿ ಎಂದು ಬೇಡಿಕೊಂಡೆ. ಗುಡ್ಡ, ಹೊಳೆ ನೋಡಿ ಬೆಳೆದವಳು, ಹೇಗಾದರೂ ನಿಭಾಯಿಸಿಯೇನು. ಗುಡ್ಡ ಜಪಾನಿನವನೊಬ್ಬನಿಗೆ ಹೋಯಿತು. ಐರಿಷ್ ಭಾಷೆಯ ಕವಿತೆ ಡಬ್ಲಿನ್ನಿನ ಹುಡುಗಿಗೆ ಬಂತು. ತನ್ನ ದೇಶದ ಭಾಷೆ ತನಗೇ ಓದಲು ಬಾರದೆಂದು ಅವಳು ತಲೆ ಮೇಲೆ ಕೈಹೊತ್ತು ಕೂತಳು. ನನಗೆ ಬಂದದ್ದು ಚಿತ್ರ.

ಆ ಚಿತ್ರ ಶಾಲೆಯ ಸಭಾಂಗಣದ ಗೋಡೆಯಲ್ಲಿತ್ತು. ನನ್ನ ಎರಡು ಕೈ ಚಾಚಿದಷ್ಟು ಅಗಲ. ಇಡೀ ಬಿಳಿ. ಅಲ್ಲಲ್ಲಿ ಬೂದು ಸುಳಿದ ಬಿಳಿ. ಕೆಳಗೆ ಬಲಬದಿಯಲ್ಲಿ ಮಾಸಿದ ಕಂದುಬಣ್ಣದ ಒಂದು ಅಡ್ಡಪಟ್ಟಿ. ಅಷ್ಟೇ. ಹೆಸರೂ ಇಲ್ಲ, ಬರೆದವರು ಅದೇ ಊರಿನ ನೋರಾ ಎಂಬ ಮುದುಕಿ ಎಂದಷ್ಟೇ ತಿಳಿಯಿತು. ಹತ್ತಿರದಿಂದ ನೋಡಿದೆ, ದೂರದಿಂದ ನೋಡಿದೆ, ನೆಲದ ಮೇಲೆ ಕೂತು ನೋಡಿದೆ. ಕಿಟಕಿಯಾಚೆ ಕಡಲು ಮಂಜಿನಲ್ಲಿ ಮುಚ್ಚಿಹೋಗಿತ್ತು. ಸರಿ, ಇದು ಕಡಲ ಮಂಜು, ಆ ಪಟ್ಟಿ ದೂರದ ದೋಣಿ ಎಂದು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ದಡ್ಡಿ ಎಂದುಕೊಂಡಾರೆಂಬ ಭಯ.

ಕಲ್ಲಿನ ಗೋಡೆಗಳ ನಡುವೆ

ನನಗೊಂದು ಕೋಣೆ, ಮೇಜು, ಕಿಟಕಿ ಕೊಟ್ಟಿದ್ದರು. ಅಡಿಗೆ ಇಲ್ಲ, ಪಾಠ ಇಲ್ಲ, ಬಸ್ಸಿಗೆ ಓಡುವುದಿಲ್ಲ. ಇಂಥ ಬಿಡುವು ಸಿಕ್ಕಿದರೆ ಎಷ್ಟು ನುಡಿಸಿಯೇನು ಎಂದು ಊರಿನಲ್ಲಿ ಕನಸು ಕಂಡವಳು ನಾನೇ. ಆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ಸ್ವರ ಬರೆಯುವುದು, ಏಳುವುದು, ಕೋಣೆ ಗುಡಿಸುವುದು. ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸುವುದು. ಪಿಟೀಲು ಹಿಡಿದರೆ ಬೆರಳುಗಳು ತಾವಾಗಿಯೇ ಯಾರದೋ ಕೀರ್ತನೆಗೆ ಹೋಗುತ್ತಿದ್ದವು. ಅದನ್ನು ತಡೆದರೆ ಕಮಾನು ನಿಂತೇ ಬಿಡುತ್ತಿತ್ತು.

ಹಾಗಾಗಿ ನಡೆಯುತ್ತಿದ್ದೆ. ಬೆಳಿಗ್ಗೆ ಮಳೆಯಂಗಿ ಹಾಕಿ ಹೊರಟರೆ ಮಧ್ಯಾಹ್ನದವರೆಗೆ ನಡಿಗೆ. ಎತ್ತ ನೋಡಿದರೂ ಬೂದುಕಲ್ಲಿನ ಗಿಡ್ಡ ಗೋಡೆಗಳು, ಗೋಡೆಗಳ ನಡುವೆ ಚೌಕ ಚೌಕ ಹುಲ್ಲುಗಾವಲು. ನಮ್ಮಲ್ಲಿ ಕೆಂಪು ಮುರಕಲ್ಲನ್ನು ಕೆತ್ತಿ ಒಂದಕ್ಕೊಂದು ಅಂಟುವಂತೆ ಕಟ್ಟುತ್ತೇವೆ. ಇಲ್ಲಿ ಸಿಕ್ಕಿದ ಕಲ್ಲನ್ನು ಸಿಕ್ಕಿದ ಹಾಗೆ ಪೇರಿಸಿದ್ದಾರೆ. ಬೆಳಕು, ಗಾಳಿ ಎರಡೂ ಆಚೆ ಹಾಯುತ್ತವೆ. ಒಬ್ಬ ರೈತನನ್ನು ಕೇಳಿದೆ, ಬೀಳುವುದಿಲ್ಲವೇ ಎಂದು. "ಗಾಳಿಗೆ ದಾರಿ ಬಿಟ್ಟದ್ದಕ್ಕೇ ನಿಂತಿದೆ" ಎಂದ. ಅಲ್ಲಿ ಮಳೆಗೆ ಯಾರೂ ಓಡುವುದಿಲ್ಲ. ದನಗಳೂ ಹಟ್ಟಿಗೆ ಹೋಗದೆ ನೆನೆಯುತ್ತ ಮೇಯುತ್ತವೆ. ನಾನೊಬ್ಬಳೇ ಏನೋ ತಪ್ಪಿಹೋಗುತ್ತದೆ ಎನ್ನುವಂತೆ ಬಿರಬಿರ ನಡೆಯುತ್ತಿದ್ದೆ.

ಪುತ್ತೂರಿನಿಂದ ನಮ್ಮವರು ಫೋನ್ ಮಾಡಿದರು. "ಬರ್ದಾಯ್ತಾ?"

"ಇಲ್ಲ. ನನಗೆ ಎಂತ ಹೇಳ್ಲಿಕ್ಕುಂಟು ಅಂತಲೇ ಗೊತ್ತಾಗುದಿಲ್ಲ."

"ಎದುರು ಯಾರೋ ಹಾಡ್ತಾ ಇದ್ದಾರೆ ಅಂತ ನೆನೆಸಿಕೊ, ಬರ್ತದೆ."

ಅವರು ಒಳ್ಳೆಯದಕ್ಕೇ ಹೇಳಿದ್ದು. ನನಗೆ ಮಾತ್ರ ಸಿಟ್ಟು ಬಂತು, ಫೋನ್ ಇಟ್ಟೆ.

ಎರಡನೆಯ ವಾರದ ಕೊನೆಗೆ ಅಂತೂ ಎಂಟು ನಿಮಿಷ ತುಂಬಿಸಿದೆ. ಮೆಲ್ಲಗೆ ಜಾರುವ ಸ್ವರಗಳು, ಒಂದರೊಳಗೊಂದು ಕರಗುವ ಗಮಕಗಳು. ನಾನು ಸರಿಗಮದಲ್ಲಿ ಬರೆದುಕೊಟ್ಟದ್ದನ್ನು ಹೆಲೆನ್ ತಮ್ಮ ಐದು ಗೆರೆಗಳ ಲಿಪಿಗೆ ಇಳಿಸಿದರು. 'ಕಡಲ ಮಂಜು' ಎಂದು ಹೆಸರಿಟ್ಟೆ. ಶುಕ್ರವಾರದ ಮೊದಲ ಅಭ್ಯಾಸಕ್ಕೆ ನೋರಾ ಕೂಡ ಬಂದರು. ಎಂಬತ್ತರ ಹತ್ತಿರದ ಸಪೂರ ಹೆಂಗಸು, ಕೆಸರು ಮೆತ್ತಿದ ರಬ್ಬರ್ ಬೂಟು. ಕೊನೆಯವರೆಗೂ ಕೇಳಿ, "ಗ್ರ್ಯಾಂಡ್" ಎಂದು ನನ್ನ ಭುಜ ತಟ್ಟಿ ಹೊರಟುಹೋದರು. ಗ್ರ್ಯಾಂಡ್! ನಾನು ಹಿಗ್ಗಿದೆ.

ಶೈನಿಯ ಮನೆ

ನಮ್ಮ ಕಡೆಯ ಕೋಡಿಂಬಾಳದ ಶೈನಿ ಹದಿನಾಲ್ಕು ವರ್ಷದಿಂದ ಆ ಸೀಮೆಯಲ್ಲಿ ನರ್ಸು. ಅವಳ ಅಣ್ಣನ ಮಗಳು ಕಡಬದಲ್ಲಿ ನನ್ನ ವಿದ್ಯಾರ್ಥಿನಿ, ನಂಬರು ಆ ಹುಡುಗಿಯ ಮನೆಯವರೇ ಕೊಟ್ಟದ್ದು. ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರ ಬಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡಳು. ಅವಳ ಮನೆಯಲ್ಲಿ ನಾಲ್ಕು ಭಾಷೆ. ಗಂಡನ ಹತ್ತಿರ ಮಲಯಾಳ, ಮಕ್ಕಳ ಹತ್ತಿರ ಇಂಗ್ಲಿಷ್, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದಾಗ ಎಲ್ಲರಿಗೂ ತುಳು. ಬೇಯಿಸಿದ ಮರಗೆಣಸು, ಕೆಂಪು ಮೀನುಸಾರು ಬಡಿಸಿದಳು. ಎರಡು ವಾರದ ಮೇಲೆ ಖಾರ ತಿಂದು ನನ್ನ ಕಣ್ಣಲ್ಲಿ ನೀರು ಬಂತು.

"ಟೀಚರೇ, ಅಳುದು ಬೇಡ, ಇನ್ನೂ ಉಂಟು" ಎಂದು ಮತ್ತೆ ಬಡಿಸಿದಳು.

ನೋರಾ ನನ್ನ ಸಂಗೀತವನ್ನು ಗ್ರ್ಯಾಂಡ್ ಎಂದದ್ದನ್ನು ಹೆಮ್ಮೆಯಿಂದ ಹೇಳಿದೆ. ಶೈನಿ ಸೌಟು ಹಿಡಿದು ನಿಂತಳು.

"ಬರೀ ಗ್ರ್ಯಾಂಡ್ ಅಂದ್ರಾ? ಮತ್ತೆ ಎಂತ ಹೇಳಿದ್ರು?"

"ಮತ್ತೆ ಎಂತ ಇಲ್ಲ."

"ಹಾಗಾದ್ರೆ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಇಲ್ಲಿಯವರಿಗೆ ಕಾಲು ಮುರಿದು ಬಂದ್ರೂ ಗ್ರ್ಯಾಂಡೇ, ಚಹಾ ಬೇಡ ಅಂದ್ರೂ ಗ್ರ್ಯಾಂಡೇ. ಅಂದ್ರೆ, ನೀವು ನನ್ನ ವಿಷಯಕ್ಕೆ ತಲೆಬಿಸಿ ಮಾಡ್ಬೇಡಿ ಅಂತ."

ಕೈಯಲ್ಲಿದ್ದ ಮೀನಿನ ತುಂಡನ್ನು ತಟ್ಟೆಗೆ ಇಟ್ಟೆ. ಮಧ್ಯಾಹ್ನ ನನ್ನನ್ನು ಬಿಡಲು ಬಂದವಳು ಚಿತ್ರ ನೋಡಬೇಕೆಂದಳು. ಸಭಾಂಗಣದ ಬಾಗಿಲು ತೆರೆದೇ ಇತ್ತು. ಶೈನಿ ಚಿತ್ರದ ಎದುರು ನಿಂತಳು. ನಾನು ಗಂಟೆಗಟ್ಟಲೆ ನೋಡಿದ್ದನ್ನು ಅವಳು ಒಂದು ನಿಮಿಷವೂ ನೋಡಿರಲಿಕ್ಕಿಲ್ಲ.

"ಇದು ಮಂಜಲ್ಲ ಟೀಚರೇ. ಗೋಡೆ."

"ಎಂತ ಗೋಡೆ?"

"ಹಾಸಿಗೆ ಬದಿಯ ಗೋಡೆ. ತುಂಬ ಸಮಯ ಮಲಗಿದ್ದವರ ಕೋಣೆಯಲ್ಲಿ ಹೀಗೇ ಇರ್ತದೆ. ಕೈ ಉಜ್ಜಿ ಉಜ್ಜಿ ಬಿದ್ದ ಗುರ್ತು ಇದು. ನಾನು ದಿನಾ ನೋಡ್ತೇನಲ್ಲ." ಅವಳ ಅಂಗೈ ಆ ಕಂದು ಪಟ್ಟಿಯ ಎದುರು, ಮುಟ್ಟದೆ, ಗಾಳಿಯಲ್ಲೇ ಹಿಂದೆ ಮುಂದೆ ಆಡಿತು. "ಎತ್ತರ ನೋಡಿ. ಮಲಗಿದ್ದವರ ಕೈ ಅಷ್ಟೇ ಎತ್ತರಕ್ಕೆ ಹೋಗುದು."

ನೋರಾರ ಕೋಣೆ

ಸೋಮವಾರ ಬೆಳಿಗ್ಗೆ ನೋರಾರ ಮನೆಗೆ ಒಬ್ಬಳೇ ಹೋದೆ. ದಾರಿಯಲ್ಲಿ ಎರಡು ಸಲ ಹಿಂದೆ ತಿರುಗಿದೆ, ಎರಡು ಸಲ ಮತ್ತೆ ಹೊರಟೆ. ಬಾಗಿಲು ತೆರೆದವರು ಕಾರಣ ಕೇಳದೆ ಚಹಾಕ್ಕೆ ನೀರಿಟ್ಟರು. ನಮ್ಮ ಹಾಗೆಯೇ, ಬೇಡ ಎಂದರೆ ಮೂರು ಸಲ ಕೇಳುವ ಜನ.

"ನಾನು ಅದನ್ನು ಮಂಜು ಅಂದುಕೊಂಡೆ" ಎಂದೆ. "ತಪ್ಪಾಯಿತು."

"ಪರವಾಗಿಲ್ಲ, ಬಹಳ ಮಂದಿ ಹಾಗೆಯೇ ಅಂದುಕೊಳ್ಳುತ್ತಾರೆ."

"ಅದು ಗೋಡೆಯೇ?"

ಅವರು ಎದ್ದು ಒಳಗಿನ ಒಂದು ಸಣ್ಣ ಕೋಣೆಯ ಬಾಗಿಲು ತೆರೆದರು. ಅಣ್ಣ ಟಾಮ್ ಅಲ್ಲಿ ನಾಲ್ಕು ವರ್ಷ ಮಲಗಿದ್ದನಂತೆ. ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು, ಬಲಗೈ ಮಾತ್ರ ಆಡುತ್ತಿತ್ತು. ನೋರಾ ಎದ್ದು ಕೋಣೆಯಿಂದ ಹೊರಟರೆ ಸಾಕು, ಅವನು ಅಂಗೈಯಿಂದ ಗೋಡೆ ಉಜ್ಜುತ್ತಿದ್ದ. ಹೋಗಬೇಡ ಎಂದು.

"ಹೇಗೆ?" ಎಂದು ಕೇಳಿದೆ.

ನೋರಾ ಮಂಚದ ಅಂಚಿನಲ್ಲಿ ಕೂತು, ಸುಣ್ಣದ ಗೋಡೆಯ ಮೇಲೆ ಅಂಗೈ ಇಟ್ಟು ಎಳೆದರು. ಸರ್ರ್. ಸರ್ರ್. ಆಮೇಲೆ ಕೈ ನಿಲ್ಲಿಸಿ ತಲೆ ವಾಲಿಸಿದರು, ಬರುತ್ತಾರೋ ಇಲ್ಲವೋ ಎಂದು ಆಲಿಸುವವರ ಹಾಗೆ. ಎರಡು ವಾರ ಆ ಚಿತ್ರದಲ್ಲಿ ನಾನು ಹುಡುಕುತ್ತಿದ್ದದ್ದು ಸದ್ದನ್ನು. ಅದು ಅಲ್ಲೇ ಇತ್ತು.

"ಹೆಚ್ಚಿನ ಸಲ ತಿರುಗಿ ಬರುತ್ತಿದ್ದೆ" ಎಂದರು ನೋರಾ. "ಕೆಲವು ಸಲ ಅಡಿಗೆಮನೆಯಲ್ಲಿ ನಿಂತು, ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಿದ್ದೆ. ದಣಿದುಹೋಗಿದ್ದೆ. ನಾನು ಬಿಡಿಸಿದ್ದು ಆ ಸಲಗಳನ್ನು, ನಾನು ಬಾರದೆ ಹೋದ ಸಲಗಳನ್ನು."

ಅದನ್ನು ಸಂಗೀತಕ್ಕೆ ತರಬಹುದೇ ಎಂದು ಕೇಳಿದೆ. ಅವರು ಒಂದೇ ಮಾತು ಹೇಳಿದರು: "ತಂದರೆ ಇದ್ದ ಹಾಗೆ ತಾ. ಚೆಂದ ಮಾಡಬೇಡ."

ಉಳಿದ ನಾಲ್ಕು ದಿನ

ಹೆಲೆನ್ ಒಪ್ಪಲಿಲ್ಲ. ಶನಿವಾರ ಕಛೇರಿ, ಕಲಿತದ್ದನ್ನು ಬಿಟ್ಟು ಹೊಸತು ಕಲಿಯಲು ನಾಲ್ಕೇ ದಿನ. "ಮಂಜು ಚೆನ್ನಾಗಿದೆ. ಯಾರಿಗೂ ಗೊತ್ತಾಗುವುದಿಲ್ಲ" ಎಂದರು. ನನಗೆ ಗೊತ್ತಾಗುತ್ತದಲ್ಲ ಎಂದೆ. ಯಾವ ಕಲಾವಿದರೆದುರೂ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ. ನನ್ನ ದನಿಗೆ ನಾನೇ ಬೆಚ್ಚಿದೆ. ಹೆಲೆನ್ ನನ್ನನ್ನು ನೋಡಿ, ಪೆನ್ಸಿಲ್ ತೆಗೆದುಕೊಂಡು ಎದುರು ಕೂತರು.

ಈ ಸಲ ಒಂದೇ ದಿನದಲ್ಲಿ ಬರೆದೆ. ಕಾಲುಗಳ ನಡುವೆ ಹಿಡಿದು ನುಡಿಸುವ ದೊಡ್ಡ ವಾದ್ಯ ಚೆಲ್ಲೋ. ಅದರ ತಂತಿಗಳನ್ನು ಎಡಗೈಯಿಂದ ಮುಚ್ಚಿ ಕಮಾನು ಎಳೆದರೆ ಸ್ವರ ಹುಟ್ಟುವುದಿಲ್ಲ, ಬರೀ ಉಜ್ಜುವ ಸದ್ದು. ಅದು ಕರೆ. ಕರೆಗೆ ಪಿಟೀಲು ಉತ್ತರ ಕೊಡಬೇಕು. ಮೊದಲು ಕೂಡಲೇ ಕೊಡುತ್ತದೆ. ಆಮೇಲೆ ಸ್ವಲ್ಪ ತಡೆದು. ಆಮೇಲೆ ಇನ್ನೂ ತಡೆದು. ನಡುವೆ ಉಳಿದ ಇಬ್ಬರು ಮನೆಗೆಲಸದ ಹಾಗೆ ಸಣ್ಣ ಸಣ್ಣ ಸ್ವರಗಳನ್ನು ತಮ್ಮಷ್ಟಕ್ಕೆ ನುಡಿಸುತ್ತಿರುತ್ತಾರೆ. ಕೊನೆಯ ಕರೆಗೆ ಉತ್ತರವಿಲ್ಲ. ಪಿಟೀಲು ಕಮಾನು ಎತ್ತಿ ಹಿಡಿದಿರುತ್ತದೆ, ನುಡಿಸುವುದಿಲ್ಲ.

"ಪಿಟೀಲು ನೀವೇ ನುಡಿಸಿ" ಎಂದರು ಹೆಲೆನ್. "ಉತ್ತರ ಕೊಟ್ಟು ಅಭ್ಯಾಸ ಇರುವವರು ನೀವು."

ಶನಿವಾರ ಮಧ್ಯಾಹ್ನ

ಸಭಾಂಗಣದಲ್ಲಿ ನೂರು ಜನ ಇದ್ದಿರಬಹುದು. ಶೈನಿ ರಜೆ ಹಾಕಿ ಸೀರೆ ಉಟ್ಟು ಬಂದಿದ್ದಳು. ನೋರಾ ಬಾಗಿಲ ಹತ್ತಿರ ಕೂತಿದ್ದರು. ಹೆಲೆನ್ ಜೊತೆಗಾರರು ಮೂವರು ಕುರ್ಚಿಯಲ್ಲಿ, ನಾನು ನೆಲದ ಮೇಲೆ, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು. ಅಭ್ಯಾಸದಲ್ಲಿ ಎಲ್ಲ ಸರಿಯಾಗಿತ್ತು. ಏಳು ನಿಮಿಷದವರೆಗೆ ಅಂದೂ ಸರಿಯಾಗಿತ್ತು. ಆಮೇಲೆ ಕೊನೆಯ ಕರೆ ಬಂತು. ಸರ್ರ್. ಸರ್ರ್. ಕಮಾನು ಎತ್ತಿ ಹಿಡಿದೆ. ಯಾರೋ ಕೆಮ್ಮಿದರು. ಹೊರಗೆ ಟ್ರ್ಯಾಕ್ಟರೊಂದು ಹಾದುಹೋಯಿತು. ಎದುರಿನವರು ಕರೆದಿದ್ದಾರೆ, ನಾನು ಸುಮ್ಮನೆ ಕೂತಿದ್ದೇನೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಕೂತವಳಲ್ಲ. ಇನ್ನು ಹತ್ತು ಎಣಿಸಿದರೆ ಮುಗಿಯುತ್ತಿತ್ತು.

ತಡೆಯಲಾಗಲಿಲ್ಲ. ಕಮಾನು ಇಳಿಯಿತು. ಮೆಲ್ಲಗೆ, ಒಂದು ಷಡ್ಜ.

ಚಪ್ಪಾಳೆ ಜೋರಾಗಿಯೇ ಬಿತ್ತು. ಹೆಲೆನ್ ತಬ್ಬಿಕೊಂಡರು. ಶೈನಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಾಗಿಲ ಬಳಿ ನೋರಾರ ಕುರ್ಚಿ ಖಾಲಿಯಾಗಿತ್ತು.

ಜನ ಚದುರಿ, ಕುರ್ಚಿಗಳನ್ನು ಮಡಚಿಡಲು ಶುರುಮಾಡಿದಾಗ ಅವರು ಒಳಗೆ ಬಂದರು. ಅಂಗಳದಲ್ಲಿ ಮಳೆಯಲ್ಲೇ ನಿಂತಿದ್ದರೆಂದು ಕೂದಲು ನೋಡಿದರೆ ತಿಳಿಯುತ್ತಿತ್ತು.

"ನೀನು ಉತ್ತರ ಕೊಟ್ಟೆ" ಎಂದರು.

"ಹೌದು."

"ನಾನು ಕೊಡಲಿಲ್ಲ ಎಂದು ಹೇಳಿದ್ದೆನಲ್ಲ."

"ಗೊತ್ತು. ತಡೆಯಲಾಗಲಿಲ್ಲ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕಾದು ಕಾದು ಬಂದ ಬಸ್ಸು ನಿಲ್ಲದೆ ಹೋದಾಗ ಇರುತ್ತದಲ್ಲ, ಅಂಥದ್ದೇನೋ ಇತ್ತು. "ಎಲ್ಲರೂ ನನ್ನನ್ನು ಸಮಾಧಾನ ಮಾಡಿದ್ದಾರೆ" ಎಂದರು. "ಪಾದ್ರಿ ಮಾಡಿದ್ದಾರೆ, ಡಾಕ್ಟರು ಮಾಡಿದ್ದಾರೆ. ನೀನು ಬರೆದ ಹಾಗೆ ಒಮ್ಮೆ ನುಡಿಸುತ್ತೀಯಾ? ನನಗೆ ಅದು ಬೇಕು."

ಚೆಲ್ಲೋದವನು ವಾದ್ಯವನ್ನು ಪೆಟ್ಟಿಗೆಗೆ ಹಾಕಿಯಾಗಿತ್ತು, ಕೇಳಿದ ಕೂಡಲೇ ಮತ್ತೆ ತೆಗೆದ. ನಾನು ಬರೀ ನೆಲದ ಮೇಲೆ ಕೂತೆ. ನೋರಾ ಮಡಚಿದ್ದ ಕುರ್ಚಿಯೊಂದನ್ನು ಬಿಡಿಸಿ ನನ್ನ ಎದುರಿಗೇ ಹಾಕಿಕೊಂಡರು. ಕೊನೆಯ ಭಾಗವಷ್ಟೇ ನುಡಿಸಿದೆವು. ಕರೆ ಬಂತು. ನಾನು ಕಮಾನು ಎತ್ತಿ ಹಿಡಿದೆ. ಉತ್ತರ ನನ್ನ ಬೆರಳ ತುದಿಯವರೆಗೆ ಬಂದು ಅಲ್ಲೇ ನಿಂತಿತು. ನೋರಾ ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ತಲೆ ಒಂದು ಬದಿಗೆ ವಾಲಿಸಿ ಕೇಳುತ್ತಿದ್ದರು. ಕಣ್ಣು ತಪ್ಪಿಸಲಿಲ್ಲ, ನಾನೂ ತಪ್ಪಿಸಲಿಲ್ಲ. ಬರೆದಷ್ಟು ಹೊತ್ತು ಕಳೆಯಿತು, ಅದಕ್ಕಿಂತ ಹೆಚ್ಚೂ ಕಳೆಯಿತು. ಎಷ್ಟೋ ಹೊತ್ತಿನ ಮೇಲೆ ಅವರು ತಲೆ ನೆಟ್ಟಗೆ ಮಾಡಿದರು.

"ಹೌದು" ಎಂದರು. "ಹೀಗೇ ಇತ್ತು."

ಆಮೇಲೆ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಮಡಚಿ, ಉಳಿದ ಕುರ್ಚಿಗಳ ಜೊತೆ ಗೋಡೆಗೆ ಒರಗಿಸಿದರು. ನಾನು ಕಮಾನನ್ನು ಕೆಳಗಿಳಿಸಿದೆ.